ಗುಮ್ಮಟದ ಎರಡು ಚಿಪ್ಪುಗಳ ನಡುವೆ

ಇಟಲಿಯ ಫ್ಲಾರೆನ್ಸಿಗೆ ಹೋಗಿ ಬರುವ ವಾಸ್ತುಶಿಲ್ಪದ ವಿದ್ಯಾರ್ಥಿಗಳು ತೋರಿಸುವ ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ: ಕೆಂಪು ಹೆಂಚಿನ ಮಾಡುಗಳು, ಆಚೆ ಗುಡ್ಡಗಳ ಸಾಲು, ಮುಂದೆ ಇವರ ಮುಖ. ಸಾಂತಾ ಮರಿಯಾ ದೆಲ್ ಫಿಯೋರೆ ಕೆಥೆಡ್ರಲ್‌ನ ಗುಮ್ಮಟವನ್ನೇ ಹತ್ತಿ ಬಂದಿರುತ್ತಾರೆ, ಆದರೆ ಗುಮ್ಮಟದ್ದು ಒಂದು ಚಿತ್ರವೂ ಇರುವುದಿಲ್ಲ! ಲಿಫ್ಟ್ ಇಲ್ಲ, 463 ಮೆಟ್ಟಿಲು, ಹಿಂದಿನವರ ಅವಸರ ಬೇರೆ. ಎಲ್ಲ ನಿಜ. ಆದರೂ ಕಲಿಯಬೇಕಾದದ್ದು ಆ ಮೆಟ್ಟಿಲುಗಳ ಅಕ್ಕಪಕ್ಕದಲ್ಲೇ ಇದೆ.

ಈ ಗುಮ್ಮಟಕ್ಕೆ ಎರಡು ಚಿಪ್ಪು. ಒಳಗಿನದು ದಪ್ಪ, ಭಾರ ಹೊರುವಂಥದ್ದು. ಹೊರಗಿನದು ತೆಳು, ಮಳೆ ತಡೆಯುವುದಕ್ಕೆ, ನೋಟಕ್ಕೆ. ನಾವು ಹತ್ತುವುದು ಇವೆರಡರ ಸಂದಿಯಲ್ಲಿ. ವಿಜಯಪುರದ ಗೋಳಗುಮ್ಮಟದಲ್ಲಿ ಮೂಲೆಗೋಪುರ ಹತ್ತಿ ಬುಡದ ಬಾಗಿಲು ದಾಟುವಾಗ ಒಂದು ಕ್ಷಣ ಗೋಡೆಯ ದಪ್ಪ ಕಾಣಿಸುತ್ತದೆ, ಅಷ್ಟೆ. ಇಲ್ಲಿ ಸೆಕ್ಷನ್ ಡ್ರಾಯಿಂಗ್‌ನ, ಅಂದರೆ ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆಯ, ಒಳಗೇ ನಡೆದಾಡಬಹುದು. ಕೊನೆಯ ಕಡಿದಾದ ಮೆಟ್ಟಿಲುಗಳಂತೂ ಒಳಚಿಪ್ಪಿನ ಬೆನ್ನ ಮೇಲೆಯೇ ಹತ್ತುತ್ತವೆ.

1420ರಲ್ಲಿ ಈ ಗುಮ್ಮಟ ಕಟ್ಟಿಸಿದ ಬ್ರುನೆಲೆಸ್ಕಿಯ ಮುಂದಿದ್ದ ತೊಡಕು ಇದು: ಮೂಲೆಯಿಂದ ಮೂಲೆಗೆ ಸುಮಾರು 45 ಮೀಟರ್ ಅಗಲದ ಎಂಟು ಮೂಲೆಯ ಬಾಯಿ, ಅದೂ ನೆಲದಿಂದ 50 ಮೀಟರಿಗೂ ಮೇಲೆ. ಅಷ್ಟೆತ್ತರಕ್ಕೆ ಸೆಂಟ್ರಿಂಗ್, ಅಂದರೆ ಕಟ್ಟುವಾಗ ಗುಮ್ಮಟವನ್ನು ಹೊರುವ ಮರದ ಆಸರೆ, ನಿಲ್ಲಿಸುವುದು ಆಗದ ಮಾತು. ಆತ ಸೆಂಟ್ರಿಂಗ್ ಇಲ್ಲದೆಯೇ ಕಟ್ಟಿಸಿದ, 1436ರ ಹೊತ್ತಿಗೆ ಗುಮ್ಮಟ ಮುಗಿಯಿತು. ಹೇಗೆ ಎಂಬುದಕ್ಕೆ ಸಂದಿಯ ಗೋಡೆಯಲ್ಲಿ ಇಟ್ಟಿಗೆ ಬಿಚ್ಚಿ ಕಾಣುವ ಕಡೆ ನಿಂತು ನೋಡಬೇಕು. ಅಡ್ಡ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಒಂದೊಂದು ಇಟ್ಟಿಗೆ ನೆಟ್ಟಗೆ ನಿಂತಿದೆ. ಮೇಲಿನ ವರಸೆಯಲ್ಲಿ, ಅಂದರೆ ಇಟ್ಟಿಗೆ ಸಾಲಿನಲ್ಲಿ, ಅದು ತುಸು ಪಕ್ಕಕ್ಕೆ ಸರಿದು, ಮೀನಿನ ಮುಳ್ಳಿನಂತೆ ಓರೆಯಾಗಿ ಏರುತ್ತಾ ಹೋಗುತ್ತದೆ. ಒಳಕ್ಕೆ ವಾಲಿದ ಹಸಿ ವರಸೆ, ಗಾರೆ ಗಟ್ಟಿಯಾಗುವ ಮೊದಲು ಜಾರದಂತೆ ತಡೆಯುವುದು ಈ ನಿಂತ ಇಟ್ಟಿಗೆಗಳೇ. ಸುತ್ತು ಪೂರ್ತಿಯಾದರೆ ಅದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ.

ಇನ್ನೊಂದು ಗಮನಿಸಿ. ವರಸೆಗಳು ರಸಮಟ್ಟಕ್ಕಿಲ್ಲ. ಗುಮ್ಮಟದ ಎಂಟು ಮುಖಗಳಲ್ಲಿ ಪ್ರತಿಯೊಂದರ ನಡುವೆ ತಗ್ಗಿ, ಮೂಲೆಗಳತ್ತ ಏರುತ್ತವೆ. ನಮ್ಮ ಯಾವ ಮೇಸ್ತ್ರಿಯಾದರೂ ಇದನ್ನು ಕಂಡರೆ ಕೆಡವಿ ಕಟ್ಟಿಸುತ್ತಾನೆ. ಆದರೆ ಇಲ್ಲಿ ಅದು ಬೇಕೆಂದೇ ಮಾಡಿದ್ದು: ಮೂಲೆಯಲ್ಲಿ ವರಸೆ ಮುರಿಯದೆ ಸಾಗಲು ಬೇರೆ ದಾರಿಯಿರಲಿಲ್ಲ.

ಬಿರುಕುಗಳೂ ಇವೆ. ಹೊರಕ್ಕೆ ತಳ್ಳುವ ಒತ್ತಡ ತಡೆಯಲೆಂದು, ಸುತ್ತ ಬಿಗಿಯುವ ಕಲ್ಲಿನ ಸರಪಳಿಗಳನ್ನೂ ಚೆಸ್ಟ್‌ನಟ್ ಮರದ ಒಂದು ಸರಪಳಿಯನ್ನೂ ಹೂತಿದ್ದರೂ ಗುಮ್ಮಟ ಬಿರಿದಿದೆ. ಋತುಮಾನದ ಬಿಸಿ-ತಂಪಿಗೆ ಬಿರುಕುಗಳು ಹಿಗ್ಗಿ ಕುಗ್ಗುತ್ತವೆ. ಅದನ್ನು ಅಳೆಯುವ ಉಪಕರಣಗಳನ್ನೂ ಕೂರಿಸಿದ್ದಾರೆ. ಒಂದು ಬಿರುಕು ಕಣ್ಣಿಗೆ ಬಿದ್ದರೆ ಯಾವ ಮುಖದಲ್ಲಿದೆ ಎಂದು ಬರೆದುಕೊಳ್ಳಿ. ಇಳಿದ ಮೇಲೆ ಪ್ಲಾನ್ ಬಿಡಿಸಿ ಹೋಲಿಸಿ: ದೊಡ್ಡ ಬಿರುಕುಗಳಿರುವುದು ಕೆಳಗೆ ಗುಮ್ಮಟವನ್ನು ಹೊತ್ತ ಕಮಾನುಗಳ ಮೇಲಿನ ಮುಖಗಳಲ್ಲಲ್ಲ, ದಪ್ಪ ಕಂಬಗಳ ಮೇಲಿನ ಮುಖಗಳಲ್ಲಿ.