ಧ್ವನಿ ಟಿಕ್: ಸದ್ದು ಗಂಟಲಿನದು, ಕಾರಣ ಮಿದುಳಿನದು

ಬೇಡವೆಂದರೂ ಬಾಯಿ, ಮೂಗು, ಗಂಟಲಿನಿಂದ ಮತ್ತೆ ಮತ್ತೆ ಹೊರಡುವ ಸದ್ದಿಗೆ ಧ್ವನಿ ಟಿಕ್ ಎನ್ನುತ್ತಾರೆ. ‘ಹ್ಕುಂ ಹ್ಕುಂ’ ಎಂದು ಗಂಟಲು ಸರಿಮಾಡಿಕೊಳ್ಳುವುದು, ಮೂಗು ಸೊರಗುಟ್ಟಿಸುವುದು, ಒಣ ಕೆಮ್ಮು, ಕೆಲವರಲ್ಲಿ ಇಡೀ ಪದ. ಶೀತ, ಅಲರ್ಜಿ ಎಂದುಕೊಂಡು ಮನೆಯವರು ಸಿರಪ್ ಕುಡಿಸುತ್ತಲೇ ಇರುತ್ತಾರೆ. ಮಗು ನಿದ್ದೆಹೋದ ಮೇಲೆ ಸದ್ದು ಬಹುತೇಕ ನಿಂತಿತೇ? ಇದು ಟಿಕ್ ಇರಬಹುದು ಎನ್ನಲು ಅದೊಂದು ಒಳ್ಳೆಯ ಸುಳಿವು.

ಟಿಕ್‌ಗೆ ಮುಂಚೆ ಗಂಟಲಲ್ಲಿ ಏನೋ ಕಿರಿಕಿರಿ ಏಳುತ್ತದೆ. ಸದ್ದು ಮಾಡಿದರೆ ಒಂದು ಕ್ಷಣ ಹಾಯೆನಿಸುತ್ತದೆ, ಸೀನಿದ ಹಾಗೆ. ಸ್ವಲ್ಪ ಹೊತ್ತು ತಡೆಯಬಹುದು, ಆದರೆ ಸುಮ್ನೆ ಬೈದರೆ ನಿಲ್ಲುವುದಿಲ್ಲ. 18 ವರ್ಷದೊಳಗೆ ಶುರುವಾಗಿ, ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದರಂಥ ಮೈಯ ಹಲವು ಟಿಕ್‌ಗಳ ಜೊತೆಗೆ ಧ್ವನಿ ಟಿಕ್ ಒಂದಾದರೂ ಇದ್ದು, ವರ್ಷ ದಾಟಿದರೆ ಅದು ಟೂರೆಟ್ ಸಿಂಡ್ರೋಮ್. ಫ್ರಾನ್ಸಿನ ವೈದ್ಯ ಜಿಲ್ ಡ ಲಾ ಟೂರೆಟ್ 1885ರಲ್ಲಿ ಇಂಥ ಒಂಬತ್ತು ಜನರ ಬಗ್ಗೆ ಬರೆದ. ಟೂರೆಟ್ ಅಂದ ಕೂಡಲೇ ಕೆಟ್ಟ ಮಾತು ಬರುವ ಕಾಯಿಲೆ ಎನ್ನುವವರು ಜಾಸ್ತಿ. ನಿಜಕ್ಕೂ ಕೆಟ್ಟ ಮಾತು ಬರುವುದು ಟೂರೆಟ್ ಇರುವವರಲ್ಲಿ ಕೆಲವರಿಗಷ್ಟೇ.

ಟಿಕ್ ಇದ್ದ ಮಾತ್ರಕ್ಕೆ ದನಿ ಕೆಟ್ಟಿದೆ ಎಂದಲ್ಲ. ಆದರೆ ಕೆಡಬಹುದು. ಮಾತಾಡುವಾಗ ಧ್ವನಿ ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100, ಹೆಂಗಸರಲ್ಲಿ ಸುಮಾರು 200 ಸಲ ನವಿರಾಗಿ ಒಂದಕ್ಕೊಂದು ತಾಕುತ್ತವೆ. ಕ್ಯಾಕರಿಸಿದಾಗ, ಕಿರುಚಿದಾಗ ಅವು ಜೋರಾಗಿ ಬಡಿದುಕೊಳ್ಳುತ್ತವೆ. ದಿನವಿಡೀ ಹೀಗೇ ಆದರೆ ಅಂಚು ಊದಿಕೊಂಡು ದನಿ ಒಡೆಯುತ್ತದೆ, ಸಣ್ಣ ಗಂಟೂ ಆಗಬಹುದು. ಊದಿದ ಗಂಟಲು ಇನ್ನಷ್ಟು ಕಿರಿಕಿರಿ ಮಾಡುತ್ತದೆ, ಮತ್ತೆ ‘ಹ್ಕುಂ’. ಇನ್ನು ಕೆಲವರಿಗೆ ಮಾತು ನಡುವೆಯೇ ಸಿಕ್ಕಿಕೊಳ್ಳುತ್ತದೆ. ನೋಡುವವರು ಉಗ್ಗು ಎಂದುಕೊಳ್ಳುತ್ತಾರೆ.

ಸದ್ದಿನ ಮೂಲ ಮಿದುಳಿನಲ್ಲಿರುವುದರಿಂದ ಗಂಟಲಿಗಷ್ಟೇ ಔಷಧ ಕೊಟ್ಟರೆ ಅರ್ಧ ಕೆಲಸ. ಕಿರಿಕಿರಿ ಏಳುತ್ತಿದ್ದಂತೆ ಗುರುತಿಸಿ, ಸದ್ದಿನ ಬದಲು ಮೂಗಿನಿಂದ ನಿಧಾನ ಉಸಿರಾಡುವುದನ್ನು ಥೆರಪಿಯಲ್ಲಿ ಕಲಿಸುತ್ತಾರೆ. ಬೇಕಾದರೆ ಮಾತ್ರೆಗಳೂ ಇವೆ. ತೀರಾ ಜೋರಾದ ಟಿಕ್‌ಗೆ ಧ್ವನಿ ತಂತುವಿನ ಸ್ನಾಯುವಿಗೇ ಬೊಟಾಕ್ಸ್ (ಸ್ನಾಯುವನ್ನು ಸಡಿಲಿಸುವ ಔಷಧ) ಚುಚ್ಚುವುದುಂಟು. ಕಿರಿಕಿರಿಯೂ ತಗ್ಗಬಹುದು, ಆದರೆ ಕೆಲ ಕಾಲ ದನಿ ಕುಗ್ಗಿ ಪಿಸುಮಾತಿನಂತಾಗುತ್ತದೆ. ಪಾಠ ಹೇಳಿಯೋ ಹಾಡಿಯೋ ಬದುಕುವವರು ಇದನ್ನು ಯೋಚಿಸಿಯೇ ಒಪ್ಪಬೇಕು, ಅಲ್ವಾ? ವೈದ್ಯರ ಮುಂದೆ ಕೂತಾಗ ಟಿಕ್ ಎಷ್ಟೋ ಸಲ ಕಾಣಿಸಿಕೊಳ್ಳುವುದೇ ಇಲ್ಲ. ಮನೆಯಲ್ಲೇ ಫೋನಿನಲ್ಲಿ ಒಂದು ವಿಡಿಯೋ ಮಾಡಿ ಒಯ್ಯುವುದು ವಾಸಿ.