ತೀರ್ಪು ದೆಹಲಿಯಲ್ಲಿ, ಕಲ್ಲು ಪಕ್ಕದ ಮನೆಗೆ ಯಾಕೆ?

ಪ್ರಶ್ನೆ: ವರ್ಷಗಟ್ಟಲೆ ಒಂದೇ ಬೀದಿಯಲ್ಲಿ ಬಾಳಿದವರ ಮೇಲೆ ಒಂದೇ ದಿನದಲ್ಲಿ ಕಲ್ಲು ಬೀಳುವುದು ಹೇಗೆ? 1991ರ ಕಾವೇರಿ ಗಲಭೆಯ ಮಾತು ಬಂದಾಗೆಲ್ಲ ಇದೇ ಕಾಡುತ್ತದೆ.

ಉತ್ತರ: ಒಂದೇ ದಿನದಲ್ಲಿ ಅಲ್ಲ. ಕಲ್ಲು ಬಿದ್ದ ದಿನ ನೆನಪಿರುತ್ತದೆ, ಅದರ ಹಿಂದಿನ ವರ್ಷಗಳು ಮರೆತುಹೋಗಿರುತ್ತವೆ.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕಿತ್ತು. ಅದನ್ನು ತಡೆಯಲು ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದು ಸುಪ್ರೀಂ ಕೋರ್ಟ್‌ನಲ್ಲಿ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಆದೇಶ ಗೆಜೆಟ್‌ಗೆ ಬಂದಾಗ ಬೆಂಗಳೂರು ಹೊತ್ತಿಕೊಂಡಿತು.

ಆದರೆ ಸಿಟ್ಟು ಬರೀ ನೀರಿನದಾಗಿರಲಿಲ್ಲ. 1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು (ಕಂಟೋನ್ಮೆಂಟ್) ಬಂದ ಮೇಲೆ ಪೇಟೆ ಒಂದು ಊರು, ದಂಡು ಇನ್ನೊಂದು ಊರು ಎಂಬಂತಾಯಿತು. ದಂಡಿನ ಕಡೆ ತಮಿಳು ಜಾಸ್ತಿ. 1949ರಲ್ಲಿ ಎರಡೂ ಒಂದೇ ಕಾರ್ಪೊರೇಷನ್‌ಗೆ ಸೇರಿದವು. ದೊಡ್ಡ ಕಾರ್ಖಾನೆಗಳು ಬೆಳೆದಾಗ, ಇಲ್ಲಿನ ಕೆಲಸ ಹೊರಗಿನವರ ಪಾಲಾಗುತ್ತಿದೆ ಎಂಬ ನೋವೂ ಬೆಳೆಯಿತು. ಆ ನೋವು ಸುಳ್ಳಲ್ಲ. ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಗೋಕಾಕ್ ಚಳವಳಿಯಲ್ಲಿ ಜನ ಬೀದಿಗಿಳಿದರು. ಕೆಲಸದಲ್ಲಿ ಕನ್ನಡಿಗರಿಗೆ ಆದ್ಯತೆ ಕೊಡಿ ಎಂದ ಸರೋಜಿನಿ ಮಹಿಷಿ ವರದಿ ಬಂತು, ಪೂರ್ತಿ ಜಾರಿ ಮಾತ್ರ ಆಗಲಿಲ್ಲ. ಕೇಳಿದ್ದು ಸಿಗದೇ ಹೋದಾಗ ಜನ ಕೊಡಬೇಕಾದ ಸರ್ಕಾರವನ್ನು ಬಿಟ್ಟು ಕಣ್ಣೆದುರಿಗೆ ಇರುವವರನ್ನು ದೂರಲು ಶುರುಮಾಡುತ್ತಾರೆ. ‘ಆ ಮೇಸ್ತ್ರಿ’, ‘ಆ ತರಕಾರಿಯವಳು’ ಹೋಗಿ ‘ಅವರು’ ಆಗಿಬಿಡುತ್ತಾರೆ. ನನ್ನ ಪ್ರಕಾರ ಗಲಭೆ ಶುರುವಾಗುವುದು ಅಲ್ಲೇ.

ಡಿಸೆಂಬರ್‌ನಲ್ಲಿ ಪೆಟ್ಟು ತಿಂದವರು ಯಾರು? ನ್ಯಾಯಮಂಡಳಿಯವರಲ್ಲ, ಕೊಳೆಗೇರಿಯ ತಮಿಳು ಕೂಲಿಗಳು. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಅವರಲ್ಲಿ ಎಷ್ಟೋ ಜನಕ್ಕೆ ಬೆಂಗಳೂರು ಬಿಟ್ಟು ಬೇರೆ ಊರೇ ಗೊತ್ತಿರಲಿಲ್ಲ.

ನಾಲ್ಕೇ ತಿಂಗಳ ನಂತರ ಅಮೆರಿಕದ ಲಾಸ್ ಏಂಜಲಿಸ್ ಕೂಡ ಉರಿಯಿತು. 1991ರ ಮಾರ್ಚ್‌ನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಪೊಲೀಸರು ಬಡಿಯುವ ವಿಡಿಯೋವನ್ನು ಇಡೀ ದೇಶ ನೋಡಿತ್ತು. ಅದೇ ತಿಂಗಳು, ಜ್ಯೂಸ್ ಕದ್ದಳೆಂಬ ಅನುಮಾನದಿಂದ ಕೊರಿಯನ್ ಅಂಗಡಿಯಾಕೆಯೊಬ್ಬರು 15 ವರ್ಷದ ಕಪ್ಪು ಹುಡುಗಿಯನ್ನು ಗುಂಡಿಕ್ಕಿ ಕೊಂದಿದ್ದರು. ಆಕೆಗೆ ಜೈಲಾಗಲಿಲ್ಲ. 1992ರ ಏಪ್ರಿಲ್ 29ರಂದು ಪೊಲೀಸರೂ ಬಚಾವಾದರು. 1965ರಲ್ಲೇ ವಾಟ್ಸ್ ಬಡಾವಣೆಯಲ್ಲಿ 34 ಜನ ಸತ್ತಿದ್ದ ನಗರ ಅದು. ಈ ಸಲ ಐವತ್ತಕ್ಕೂ ಹೆಚ್ಚು ಜನ ಹೋದರು. ತೀರ್ಪು ಕೊಟ್ಟ ಜ್ಯೂರಿ ಎಲ್ಲೋ ಇತ್ತು, ಲೂಟಿಯಾಗಿದ್ದು, ಸುಟ್ಟಿದ್ದು ಸಾವಿರಾರು ಕೊರಿಯನ್ ಅಂಗಡಿಗಳು. ಅಲ್ಲೂ ಕೈಗೆ ಸಿಕ್ಕವರೇ ಬಲಿ. ಮೊದಲ ಸಂಜೆ ಪೊಲೀಸರು ಮುಖ್ಯ ಜಂಕ್ಷನ್ ಒಂದರಿಂದ ಹಿಂದೆ ಸರಿದಿದ್ದರಿಂದ ಕೈಮೀರಿ ಹೋಯಿತು. ಮೊದಲ ಕೆಲವು ಗಂಟೆ ಎಲ್ಲ ಕಡೆಯೂ ಮುಖ್ಯ.

2016ರ ಸೆಪ್ಟೆಂಬರ್ 12ರಂದು, ಕಾವೇರಿ ನೀರಿಗಾಗಿ ಬೆಂಗಳೂರು ಮತ್ತೆ ಹೊತ್ತಿಕೊಂಡಾಗ, ನಾವದನ್ನು ಮತ್ತೆ ನೋಡಿದೆವು. ಬೆಳಿಗ್ಗೆಯಿಂದ ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ಹಲ್ಲೆಯ ವಿಡಿಯೋಗಳು ಓಡಿದವು. ಸಂಜೆಯ ಹೊತ್ತಿಗೆ ಒಂದೇ ಡಿಪೋದಲ್ಲಿ 30ಕ್ಕೂ ಹೆಚ್ಚು ಬಸ್ ಸುಟ್ಟುಹೋದವು.

ಇಂಥ ದ್ವೇಷಕ್ಕೆ ಕಲ್ಲೇ ಬೇಕೆಂದೂ ಇಲ್ಲ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ತಮ್ಮ ಮೇಲೆ ಹಲ್ಲೆ ಆಗುತ್ತದೆ ಎಂಬ ಬರೀ ಎಸ್ಸೆಮ್ಮೆಸ್ ಗಾಳಿಸುದ್ದಿಗೆ ಹೆದರಿ ಸಾವಿರಗಟ್ಟಲೆ ಗುವಾಹಟಿ ರೈಲು ಹತ್ತಿದರು. ಏನೂ ಆಗುವುದಿಲ್ಲ, ಹೋಗಬೇಡಿ ಎಂದು ಸರ್ಕಾರ ಬೇಡಿಕೊಂಡರೂ ಕೇಳಲಿಲ್ಲ. ಮುಖ ನೋಡಿ ಚುಡಾಯಿಸುವುದನ್ನು, ಬಾಡಿಗೆ ಮನೆ ಇಲ್ಲ ಎನ್ನುವುದನ್ನು ಅವರು ಮೊದಲಿಂದಲೂ ಸಹಿಸಿದ್ದರು. ಅಂಥವರಿಗೆ ನಾವು ಆ ದಿನ ಬಂದು ‘ನಾವಿದ್ದೇವೆ’ ಅಂದರೆ ಹೇಗೆ ನಂಬುತ್ತಾರೆ, ಅಲ್ವಾ?