ನರ ಕತ್ತರಿಸಿದರೂ ನಿಲ್ಲದ ಕಿವಿಮೊರೆತ

ಹಗಲೂ ರಾತ್ರಿ ಗುಂಯ್ ಎನ್ನುವ ಸದ್ದು ಕಿವಿಯಲ್ಲೇ ಹುಟ್ಟುತ್ತಿದ್ದರೆ, ಕಿವಿಯಿಂದ ಮಿದುಳಿಗೆ ಹೋಗುವ ನರವನ್ನು ಕತ್ತರಿಸಿದ ಕೂಡಲೇ ಅದು ನಿಲ್ಲಬೇಕಿತ್ತು. ನಿಲ್ಲುವುದಿಲ್ಲ. ಶ್ರವಣನರದ ಬಳಿ ಬೆಳೆದ ಗಡ್ಡೆಯನ್ನು ತೆಗೆಯುವಾಗ ಎಷ್ಟೋ ಸಲ ಆ ನರವನ್ನೂ ಬಲಿಕೊಡಬೇಕಾಗುತ್ತದೆ. ಅಂಥ ಶಸ್ತ್ರಚಿಕಿತ್ಸೆಯಾದವರನ್ನು ವಿಚಾರಿಸಿ ಅಮೆರಿಕದ ಕಿವಿತಜ್ಞರಾದ ಹೌಸ್ ಮತ್ತು ಬ್ರ್ಯಾಕ್‌ಮನ್ 1981ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಮೊರೆತ ತಗ್ಗಿತ್ತು, ಅರ್ಧದಷ್ಟು ಮಂದಿಗೆ ಹೆಚ್ಚಿತ್ತು. ಕಿವಿ ಪೂರ್ತಿ ಕಿವುಡಾದ ಮೇಲೂ ಸದ್ದು ಜೋರಾಯಿತು!

ಇದು ಗೊತ್ತಾಗಿ ನಾಲ್ಕು ದಶಕ ಕಳೆದರೂ ಚಿಕಿತ್ಸೆಯೆಲ್ಲ ಕಿವಿಯ ತೂತಿನ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಎಣ್ಣೆ ಬಿಡುತ್ತಾರೆ, ಕಿವಿಗೆ ಮೇಣದ ಬತ್ತಿ ಇಟ್ಟು ಉರಿಸುತ್ತಾರೆ, 'ನರಗಳ ವೀಕ್ನೆಸ್' ಎಂದು ತಿಂಗಳುಗಟ್ಟಲೆ ವಿಟಮಿನ್ ಗುಳಿಗೆ ನುಂಗಿಸುತ್ತಾರೆ. ಅಪಶಕುನವೆಂದು ಹೆದರಿಸುವವರೂ ಇದ್ದಾರೆ. ಬತ್ತಿ ಗುಗ್ಗೆಯನ್ನು ಹೀರುವುದಿಲ್ಲ. ಕರಗಿದ ಮೇಣ ಕಿವಿತಮಟೆಯ ಮೇಲೆ ಬಿದ್ದು ಸುಡುವುದಷ್ಟೇ ಲಾಭ. ಗಟ್ಟಿಯಾದ ಗುಗ್ಗೆಯಿಂದಲೂ ಮೊರೆತ ಬರುವುದುಂಟು, ನಿಜ. ಆದರೆ ಅದನ್ನು ವೈದ್ಯರು ಒಳಗೆ ನೋಡಿ ಖಚಿತಪಡಿಸಿಕೊಂಡು ತೆಗೆಯಬೇಕು. ತಮಟೆಯಲ್ಲಿ ರಂಧ್ರವಿದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ.

ಹಾಗಾದರೆ ಸದ್ದು ಎಲ್ಲಿಂದ? ಒಳಗಿವಿಯ ಸುರುಳಿಯಲ್ಲಿ ಸುಮಾರು 3,500 ಒಳ ಕೂದಲುಕೋಶಗಳೂ 12,000 ಹೊರ ಕೂದಲುಕೋಶಗಳೂ ಇವೆ. ಸುರುಳಿಯ ಬುಡದವು ತೀಕ್ಷ್ಣ ಸ್ವರಗಳಿಗೆ, ತುದಿಯವು ಮಂದ್ರಕ್ಕೆ ಮೀಸಲು. ವಯಸ್ಸು, ಗದ್ದಲ, ಕೆಲವು ಔಷಧಗಳ ಏಟಿಗೆ ಬುಡದ ಕಡೆಯವು ಬೇಗ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಆ ಸ್ವರಗಳಿಗೆ ಕಾದು ಕುಳಿತಿದ್ದ ಮಿದುಳಿನ ನರಕೋಶಗಳಿಗೆ ಈಗ ಸಂಕೇತ ಬರುವುದು ಕಡಿಮೆ. ನರಕೋಶಗಳು ಸುಮ್ಮನೆ ಕೂರುವ ಜಾತಿಯಲ್ಲ. ಪೂರ್ಣ ನಿಶ್ಶಬ್ದದಲ್ಲೂ ಅವು ತಮ್ಮಷ್ಟಕ್ಕೆ ಮಿಡಿಯುತ್ತಿರುತ್ತವೆ. ಒಳಹರಿವು ಇಳಿದಾಗ ಮಿದುಳು ತನ್ನ ಸಂವೇದನೆಯನ್ನು ಏರಿಸಿಕೊಳ್ಳುತ್ತದೆ. ಸ್ಟೇಷನ್ ಸಿಗದ ರೇಡಿಯೊದ ವಾಲ್ಯೂಮ್ ಏರಿಸಿದಾಗ ಕೇಳುವುದು ಬರೀ 'ಸ್ಸ್' ಅಲ್ಲವೇ? ಆ ಸದ್ದನ್ನು ಯಾವ ಸ್ಟೇಷನ್ನೂ ಪ್ರಸಾರ ಮಾಡಿಲ್ಲ, ಅದು ರೇಡಿಯೊದೊಳಗಿನ ಗದ್ದಲ. ಕಿವಿಮೊರೆತವೂ ಬಹುಪಾಲು ಹೀಗೆಯೇ ಎಂಬುದು ಇಂದಿನ ಪ್ರಬಲ ವಿವರಣೆ. ಆಡಿಯೊಗ್ರಾಮ್‌ನಲ್ಲಿ, ಅಂದರೆ ಕೇಳ್ಮೆ ಪರೀಕ್ಷೆಯ ನಕ್ಷೆಯಲ್ಲಿ, ಗೆರೆ 4,000 ಹರ್ಟ್ಸ್‌ನ ಬಳಿ ಕುಸಿದಿದ್ದರೆ ಮೊರೆತದ ಸ್ವರವೂ ಸಾಮಾನ್ಯವಾಗಿ ಆ ಆಸುಪಾಸಿನದೇ ಆಗಿರುತ್ತದೆ.

ಇದನ್ನು ಕೃತಕವಾಗಿ ಹುಟ್ಟಿಸಿಯೂ ನೋಡಿದ್ದಾರೆ. 2012ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಚೆನ್ನಾಗಿ ಕಿವಿ ಕೇಳುವ 18 ಮಂದಿ ಒಂದು ಕಿವಿಗೆ ಸಿಲಿಕೋನ್ ಬಿರಡೆ ಹಾಕಿಕೊಂಡು 7 ದಿನ ಇದ್ದರು. 14 ಮಂದಿಗೆ ಇಲ್ಲದ ಸದ್ದು ಕೇಳಿಸತೊಡಗಿತು. ಬಿರಡೆ ತೆಗೆದ ಮೇಲೆ ಹೋಯಿತು. ಅದಕ್ಕೂ ಮೊದಲು, 1953ರಲ್ಲಿ, ಹೆಲ್ಲರ್ ಮತ್ತು ಬರ್ಗ್‌ಮನ್ ಆರೋಗ್ಯವಂತ 80 ಮಂದಿಯನ್ನು ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿದಾಗ ಶೇ 94ರಷ್ಟು ಜನ ಕೆಲವೇ ನಿಮಿಷಗಳಲ್ಲಿ ಏನೋ ಒಂದು ಸದ್ದು ಕೇಳಿಸುತ್ತಿದೆ ಎಂದರು.

'ನನ್ನ ಆಡಿಯೊಗ್ರಾಮ್ ನಾರ್ಮಲ್, ಆದರೂ ಮೊರೆತವಿದೆ' ಎನ್ನುವವರಿಗೆ 2011ರಲ್ಲಿ ಶೆಟ್ಟೆ ಮತ್ತು ಮ್ಯಾಕಲ್ಪೈನ್ ಒಂದು ಉತ್ತರ ಕೊಟ್ಟರು. ಅಂಥವರ ಶ್ರವಣನರದಿಂದ ಬರುವ ಮೊದಲ ವಿದ್ಯುತ್ ಅಲೆ ಕುಗ್ಗಿತ್ತು, ಮಿದುಳುಕಾಂಡದಿಂದ ಬರುವ ಮುಂದಿನ ಅಲೆ ಮಾಮೂಲಿಯಾಗಿತ್ತು. ನಡುವೆ ಯಾರೋ ವಾಲ್ಯೂಮ್ ಏರಿಸಿದ್ದಾರೆ ಎಂದೇ ಅರ್ಥ.

ಕಾಡುವ ತೀವ್ರತೆಗೂ ಸದ್ದಿನ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ ಎಂಬುದು ಇನ್ನೂ ಸೋಜಿಗ. ಯಂತ್ರದ ಸ್ವರದೊಂದಿಗೆ ಹೋಲಿಸಿ ಅಳೆದರೆ ಬಹಳ ಮಂದಿಯ ಮೊರೆತ ಅವರ ಕೇಳ್ಮೆಯ ಹೊಸ್ತಿಲಿಗಿಂತ 5ರಿಂದ 10 ಡೆಸಿಬಲ್ ಮಾತ್ರ ಮೇಲಿರುತ್ತದೆ. ಅಷ್ಟೇ ಸದ್ದಿನಲ್ಲಿ ಒಬ್ಬರು ನಿದ್ದೆ ಮಾಡುತ್ತಾರೆ, ಇನ್ನೊಬ್ಬರು ಕೆಲಸ ಬಿಡುತ್ತಾರೆ. ಭಾವನೆ ಮತ್ತು ಎಚ್ಚರಿಕೆಯ ನರಜಾಲ ಆ ಸದ್ದನ್ನು ಅಪಾಯವೆಂದು ಗುರುತು ಹಾಕಿಕೊಂಡಿರುವುದೇ ವ್ಯತ್ಯಾಸ ಎಂದು ನರವಿಜ್ಞಾನಿ ಜಾಸ್ಟ್ರೆಬಾಫ್ 1990ರಲ್ಲಿ ವಾದಿಸಿದರು. ಚಿಕಿತ್ಸೆ ಹಿಡಿದುಕೊಳ್ಳಬಹುದಾದ ಜಾಗವೂ ಅದೇ. ವಯಸ್ಕರಲ್ಲಿ ಸುಮಾರು ಶೇ 14ರಷ್ಟು ಮಂದಿಗೆ ಮೊರೆತವಿದೆ, ಅದು ತೀವ್ರವಾಗಿ ಬಾಧಿಸುವುದು ಶೇ 2ರಷ್ಟು ಮಂದಿಯನ್ನು.

ಬೇರೆ ಸದ್ದಿನಿಂದ ಇದನ್ನು ಮರೆಸುವ ಉಪಾಯ ಹಳೆಯದು. ಬೀಥೋವನ್ ತನ್ನ ಕಿವಿ ಹಗಲಿರುಳೂ ಮೊರೆಯುತ್ತಿದೆ ಎಂದು ಗೆಳೆಯ ವೆಗೆಲರ್‌ಗೆ ಕಾಗದ ಬರೆದದ್ದು 1801ರಲ್ಲಿ. ಇಪ್ಪತ್ತು ವರ್ಷಗಳ ನಂತರ ಪ್ಯಾರಿಸ್ಸಿನ ವೈದ್ಯ ಇಟಾರ್, ಹಸಿ ಸೌದೆ ಚಟಪಟನೆ ಉರಿಯುವ ಒಲೆಯ ಪಕ್ಕ ಕೂರುವಂತೆ ರೋಗಿಗಳಿಗೆ ಸೂಚಿಸುತ್ತಿದ್ದ. 1970ರ ದಶಕದಲ್ಲಿ ಅಮೆರಿಕದ ಜಾಕ್ ವರ್ನನ್, ಪೋರ್ಟ್‌ಲ್ಯಾಂಡ್ ನಗರದ ಕಾರಂಜಿಯೊಂದರ ಬಳಿ ತನ್ನ ಜೊತೆಗಿದ್ದ ರೋಗಿಗೆ ಮೊರೆತ ಕೇಳಿಸದಾದುದನ್ನು ಗಮನಿಸಿ, ಕಿವಿಗೆ ಹಾಕುವ ಪುಟ್ಟ ಮಾಸ್ಕರ್ ಯಂತ್ರಗಳ ಬೆನ್ನು ಹತ್ತಿದ.

ಈಗ ವೈದ್ಯರ ಬಳಿಗೆ. ಮೊದಲು ಕಿವಿ-ಮೂಗು-ಗಂಟಲು ತಜ್ಞರು, ನಂತರ ಕೇಳ್ಮೆ ಪರೀಕ್ಷಿಸುವ ಆಡಿಯಾಲಜಿಸ್ಟ್. ಮೊರೆತದ ಜೊತೆ ಒಂದು ಕಿವಿ ದಿಢೀರನೆ, ಅಂದರೆ ಮೂರು ದಿನಗಳೊಳಗೆ, ಮಂದವಾದರೆ ಅದು ತುರ್ತು. ಅಂದೇ ಹೋಗಬೇಕು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳಲ್ಲಿ, ಬೇಗನೆ ಶುರುವಾದಷ್ಟೂ ಫಲ ಹೆಚ್ಚು. ನೆಗಡಿಯಿಂದ ಕಿವಿ ಕಟ್ಟಿದೆ ಎಂದು ಡ್ರಾಪ್ಸ್ ಹಾಕಿಕೊಂಡು ಕಾಯುವವರು ಕಳೆದುಕೊಳ್ಳುವುದು ಈ ದಿನಗಳನ್ನೇ. ಸದ್ದು ಡಬ್ ಡಬ್ ಎಂದು ಲಯಬದ್ಧವಾಗಿದ್ದರೆ ಮಣಿಕಟ್ಟಿನ ನಾಡಿ ಹಿಡಿದು ತಾಳೆ ನೋಡಿ. ಎರಡೂ ಒಂದೇ ಲಯವಾದರೆ ರಕ್ತನಾಳಗಳ ಸ್ಕ್ಯಾನ್ ಬೇಕಾಗುತ್ತದೆ. ಒಂದೇ ಕಿವಿಯಲ್ಲಿ ಮೊರೆತವಿದ್ದು ಆ ಕಿವಿಯೇ ಹೆಚ್ಚು ಮಂದವಾಗಿದ್ದರೆ ಎಂಆರ್‌ಐ. ಇವ್ಯಾವೂ ಇಲ್ಲದೆ, ಎರಡೂ ಕಿವಿಯಲ್ಲಿ ಸಮನಾಗಿ ಗುಂಯ್‌ಗುಡುವವರಿಗೆ ಸ್ಕ್ಯಾನಿನಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನುಂಗುತ್ತಿರುವ ಔಷಧಗಳ ಪಟ್ಟಿ ಒಯ್ಯಿರಿ: ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಕ್ವಿನೈನ್, ಜೆಂಟಾಮೈಸಿನ್, ಸಿಸ್‌ಪ್ಲಾಟಿನ್, ಫ್ಯುರೋಸೆಮೈಡ್ ಮೊರೆತ ತರಬಲ್ಲವು. ನೀವಾಗಿಯೇ ನಿಲ್ಲಿಸಬೇಡಿ.

ಆಡಿಯಾಲಜಿಸ್ಟ್ 250ರಿಂದ 8,000 ಹರ್ಟ್ಸ್‌ವರೆಗೆ ಕೇಳ್ಮೆ ಅಳೆದು, ಮೊರೆತ ಎಷ್ಟು ಬಾಧಿಸುತ್ತಿದೆ ಎಂದು ಅಳೆಯುವ 25 ಪ್ರಶ್ನೆಗಳ ಟಿಎಚ್‌ಐ (ಟಿನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ) ಪಟ್ಟಿ ಕೊಡುತ್ತಾರೆ. ಹೌದು ಎಂದರೆ 4 ಅಂಕ, ಕೆಲವೊಮ್ಮೆ ಎಂದರೆ 2, ಇಲ್ಲ ಎಂದರೆ 0. ಒಟ್ಟು 16ರವರೆಗೆ ಅಲ್ಪ, 58 ಮುಟ್ಟಿದರೆ ತೀವ್ರ.

ಕೇಳ್ಮೆ ಕುಂದಿದ್ದರೆ ಶ್ರವಣಯಂತ್ರವೇ ಮೊದಲ ಮದ್ದು. ಕಳೆದುಹೋದ ಒಳಹರಿವನ್ನು ಅದು ಭಾಗಶಃ ತುಂಬುತ್ತದೆ, ಸುತ್ತಲ ಸದ್ದು ಮೇಲೆದ್ದು ಮೊರೆತ ಹಿಂದೆ ಸರಿಯುತ್ತದೆ. ಕೆಡುವುದು ಫಿಟಿಂಗ್‌ನಲ್ಲಿ. ಕಿವಿಕಾಲುವೆಯೊಳಗೆ ಪುಟ್ಟ ಮೈಕ್ ನಳಿಕೆ ಇಟ್ಟು, ತಮಟೆಯ ಬಳಿ ನಿಜಕ್ಕೂ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆಯದೆ ಕೊಟ್ಟ ಯಂತ್ರ ಎಷ್ಟೋ ಸಲ ತೀಕ್ಷ್ಣ ಸ್ವರಗಳನ್ನು ಸಾಲದಷ್ಟೇ ಏರಿಸುತ್ತದೆ. ಮಂದ್ರ ಸ್ವರಗಳು ಚೆನ್ನಾಗಿ ಕೇಳುವವರಿಗೆ ಕಿವಿ ಪೂರ್ತಿ ಮುಚ್ಚುವ ಡೋಮ್ (ಯಂತ್ರದ ತುದಿಯ ಮೆತ್ತನೆಯ ಟೋಪಿ) ಹಾಕಿದರೆ ಹೊರಗಿನ ಸಹಜ ಸದ್ದು ಅಡಗಿ ಮೊರೆತ ಎದ್ದು ಕೇಳುತ್ತದೆ; ರಂಧ್ರಗಳಿರುವ ಡೋಮ್ ಕೇಳಿ. ಮೊರೆತ ಜೋರಾದಾಗ ಮಾತ್ರ ಹಾಕಿಕೊಂಡರೂ ಉಪಯೋಗವಿಲ್ಲ, ಎಚ್ಚರವಿರುವ ಹೊತ್ತಿನ ಬಹುಭಾಗ ಕಿವಿಯಲ್ಲಿರಬೇಕು.

ಹಿನ್ನೆಲೆ ಸದ್ದು ಬಳಸುವಾಗ ಮಳೆಯದೋ ಫ್ಯಾನಿನದೋ ಯಾವುದಾದರೂ ಸರಿ, ಆದರೆ ಅದು ಮೊರೆತಕ್ಕಿಂತ ತುಸು ಕೆಳಗಿರಲಿ, ಎರಡೂ ಕೇಳಿಸುತ್ತಿರಲಿ. ಮೊರೆತವನ್ನು ಪೂರ್ತಿ ಮುಚ್ಚಿಬಿಟ್ಟರೆ ಕೇಳಿಸದ ಸದ್ದಿಗೆ ಮಿದುಳು ಒಗ್ಗಿಕೊಳ್ಳಲಾರದು ಎಂಬುದು ಜಾಸ್ಟ್ರೆಬಾಫ್ ಪಂಥದ ವಾದ. ರಾತ್ರಿ ಟೈಮರ್ ಇಟ್ಟರೆ ಸದ್ದು ನಿಂತ ಗಳಿಗೆಯಲ್ಲೇ ಎಚ್ಚರವಾಗುವುದುಂಟು, ಬೆಳಗಿನವರೆಗೂ ಓಡಲಿ. ಸದಾ ಇಯರ್‌ಪ್ಲಗ್ ಹಾಕಿಕೊಂಡು ಮೌನ ಹುಡುಕುವುದು, ಆ ಬಿರಡೆ ಪ್ರಯೋಗ ನೆನಪಿದ್ದರೆ, ಸಂವೇದನೆಯನ್ನು ಇನ್ನಷ್ಟು ಏರಿಸುವ ದಾರಿ. ಪ್ಲಗ್ ಬೇಕಿರುವುದು ನಿಜವಾದ ಗದ್ದಲದಲ್ಲಿ: 85 ಡೆಸಿಬಲ್‌ಗೆ 8 ಗಂಟೆ ಮಿತಿ, ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧ, 100ಕ್ಕೆ ಬರೀ 15 ನಿಮಿಷ.

ಹೆಚ್ಚಿನ ಪುರಾವೆಯಿರುವುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನೋಚಿಕಿತ್ಸೆಗೆ. 28 ಪ್ರಯೋಗಗಳನ್ನು ತೂಗಿದ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ, ಅದು ಮೊರೆತದ ಬಾಧೆಯನ್ನು ತಗ್ಗಿಸುತ್ತದೆ ಎಂದಿತು. 'ಅಂದರೆ ನನಗೆ ಹುಚ್ಚೇ?' ಎಂದು ಸಿಟ್ಟಾಗುವವರಿದ್ದಾರೆ. ಇಲ್ಲ, ಎಚ್ಚರಿಕೆಯ ಗಂಟೆಯನ್ನು ಕಳಚುವ ಕೆಲಸವದು. ಜೋರಾದಾಗ ಎಷ್ಟು ಗಂಟೆ, ತಲೆಗೆ ಬಂದ ಯೋಚನೆ ಯಾವುದು, ಆಮೇಲೆ ಮಾಡಿದ್ದೇನು ಎಂದು ಬರೆದಿಡಿಸುತ್ತಾರೆ. 'ಇವತ್ತು ನಿದ್ದೆಯೇ ಬರಲ್ಲ' ಎಂಬಂಥ ತೀರ್ಮಾನವನ್ನು ಬರೆದಿಟ್ಟ ನಿದ್ದೆಯ ಲೆಕ್ಕದೊಂದಿಗೆ ತಾಳೆ ಹಾಕಿಸುತ್ತಾರೆ. ತಪ್ಪಿಸಿಕೊಳ್ಳುತ್ತಿದ್ದ ಮೌನದ ಕೋಣೆಗೆ ನಿಮಿಷಗಳ ಲೆಕ್ಕದಲ್ಲಿ ಮರಳಿಸುತ್ತಾರೆ.

ಗುಳಿಗೆಗಳ ಮಾತು ಬೇಗ ಮುಗಿಯುತ್ತದೆ. ಕಿವಿಮೊರೆತವನ್ನು ನಿಲ್ಲಿಸುತ್ತದೆಂದು ಸಾಬೀತಾದ ಔಷಧವಿಲ್ಲ. ಗಿಂಕ್ಗೊ ಎಂಬ ಗಿಡಮೂಲಿಕೆ, ಸತು, ಮೆಲಟೋನಿನ್ ಬೇಡವೆಂದು ಅಮೆರಿಕದ ಕಿವಿತಜ್ಞರ ಅಕಾಡೆಮಿ 2014ರಲ್ಲೇ ಹೇಳಿದೆ. ಜೊತೆಗಿರುವ ಖಿನ್ನತೆಗೋ ನಿದ್ರಾಹೀನತೆಗೋ ಮದ್ದು ಬೇಕಾದರೆ ಅದು ಬೇರೆ ವಿಚಾರ.

ಕೆಲವು ತಿಂಗಳ ನಂತರ ಅದೇ 25 ಪ್ರಶ್ನೆಗಳಿಗೆ ಮತ್ತೆ ಉತ್ತರಿಸಬೇಕು. 'ಸದ್ದು ಹಾಗೇ ಇದೆ' ಎನ್ನುವವರ ಅಂಕವೂ 62ರಿಂದ 34ಕ್ಕೆ ಇಳಿದಿರಬಹುದು. 20 ಅಂಕ ಇಳಿದರೆ ಚಿಕಿತ್ಸೆ ಹತ್ತಿದೆ ಎಂದೇ ಲೆಕ್ಕ. ಇಳಿಯದಿದ್ದರೆ ಮೊದಲು ಮತ್ತೆ ನೋಡಬೇಕಾದ್ದು ಯಂತ್ರದ ಫಿಟಿಂಗ್ ಮತ್ತು ಅದನ್ನು ದಿನಕ್ಕೆ ಎಷ್ಟು ಗಂಟೆ ಹಾಕಿಕೊಂಡಿದ್ದರು ಎಂಬ ದಾಖಲೆ. ಹೊಸ ಯಂತ್ರಗಳು ಅದನ್ನು ತಾವೇ ಬರೆದಿಟ್ಟುಕೊಂಡಿರುತ್ತವೆ.